ಮಾಡೋಣ, ಬರೆಯೋಣ: ಕನ್ನಡದ ದಾರಿಯಲ್ಲಿ ಜಪಾನಿ ಕ್ರಿಯಾಪದಗಳು

ನಮ್ಮ ಕ್ಯಾಂಪಸ್‌ನಲ್ಲಿ ಜಪಾನಿ ಕಲಿಯೋರು ಮೂರು ತರ ಇದ್ದಾರೆ. ಅನಿಮೆಯನ್ನು ಸಬ್‌ಟೈಟಲ್ ಇಲ್ಲದೆ ನೋಡಬೇಕು ಅನ್ನೋರು, ಮುಂದೆ ಜಪಾನಿನಲ್ಲಿ ಓದಬೇಕು ಅಥವಾ ಕೆಲಸ ಮಾಡಬೇಕು ಅನ್ನೋರು, ರೂಮ್‌ಮೇಟ್ ಕಲೀತಿದಾನೆ ಅಂತ ಸುಮ್ನೆ ಸೇರಿಕೊಂಡೋರು. ಮೂವರೂ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಕೈಬಿಡ್ತಾರೆ. ಹಿರಗಾನ ಅಕ್ಷರ ಬಂತು, "ವತಶಿ ವ ಗಕುಸೇ ದೆಸು" (ನಾನು ವಿದ್ಯಾರ್ಥಿ) ಬಂತು, ಅಷ್ಟರಲ್ಲಿ ಕ್ರಿಯಾಪದಗಳ ಪಾಠ ಬಂತು. ಗುಂಪು ಒಂದು, ಗುಂಪು ಎರಡು, ಗುಂಪು ಮೂರು, ಪ್ರತಿ ಗುಂಪಿಗೂ ಬೇರೆ ಬೇರೆ ಟೇಬಲ್. ಪುಸ್ತಕ ಮುಚ್ಚಿತು.

ಕಷ್ಟ ಇರೋದು ಜಪಾನಿಯಲ್ಲಿ ಅಷ್ಟೇನೂ ಅಲ್ಲ. ನಾವು ಬಳಸೋ ಆ್ಯಪ್, ಪುಸ್ತಕ, ವಿಡಿಯೋ ಎಲ್ಲ ಇಂಗ್ಲಿಷಿನಲ್ಲಿವೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಬಾಲ ತುಂಬ ಚಿಕ್ಕದು, "ಇಲ್ಲ", "ಬೇಕು", "ಇಸು", "ಓಣ" ಎಲ್ಲಕ್ಕೂ ಬೇರೆ ಪದ ಹುಡುಕಬೇಕು. ಹಾಗಾಗಿ ಇಂಗ್ಲಿಷಿನ ಮೂಲಕ ನೋಡಿದರೆ ಜಪಾನಿ ವಿಚಿತ್ರವಾಗಿ ಕಾಣುತ್ತೆ. ಕನ್ನಡದ ಮೂಲಕ ನೋಡಿದರೆ ಪಕ್ಕದ ಮನೆಯ ಹಾಗೆ ಕಾಣುತ್ತೆ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನವರು, "ನಂಗೆ ಕನ್ನಡ ಗ್ರಾಮರ್ ಗೊತ್ತಿಲ್ಲ" ಅಂತೀವಿ. ಗೊತ್ತಿದೆ. ಬಾಯಿಗೆ ಗೊತ್ತಿದೆ. ಈ ಪಾಠದಲ್ಲಿ ಅದನ್ನೇ ಬಳಸೋಣ.

(ಜಪಾನಿ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಜಪಾನಿಯಲ್ಲಿ ಐದು ಸ್ವರ: ಅ, ಇ, ಉ, ಎ, ಒ. ಐದಕ್ಕೂ ಹ್ರಸ್ವ, ದೀರ್ಘ ಎರಡೂ ಇವೆ. ಕನ್ನಡ ಲಿಪಿಯಲ್ಲೂ ಎ-ಏ, ಒ-ಓ ಬೇರೆ ಬೇರೆ ಇರೋದರಿಂದ ಗೊಂದಲ ಇಲ್ಲ. ದೀರ್ಘ ಕಂಡಲ್ಲಿ ಎಳೆಯಿರಿ, ಇಲ್ಲದಲ್ಲಿ ಎಳೆಯಬೇಡಿ.)

ಮೊದಲು ಒಂದು ಒಳ್ಳೆ ಸುದ್ದಿ

ಕನ್ನಡದಲ್ಲಿ ಹೋಗ್ತೀನಿ, ಹೋಗ್ತೀಯ, ಹೋಗ್ತಾನೆ, ಹೋಗ್ತಾಳೆ, ಹೋಗುತ್ತೆ, ಹೋಗ್ತಾರೆ. ಜಪಾನಿಯಲ್ಲಿ ಇದೆಲ್ಲದಕ್ಕೂ ಒಂದೇ ಪದ: ಇಕು. ಯಾರು ಹೋಗ್ತಾರೆ ಅನ್ನೋದು ಕ್ರಿಯಾಪದಕ್ಕೆ ಅಂಟೋದಿಲ್ಲ. ಲಿಂಗ, ವಚನ, ಪುರುಷ ಯಾವುದೂ ಇಲ್ಲ.

ಕಾಲಗಳೂ ಎರಡೇ: ಆಗಿಹೋದದ್ದು, ಆಗದೇ ಇರೋದು. "ಇಕು" ಅಂದರೆ ದಿನಾ ಹೋಗ್ತೀನಿ ಅಂತಲೂ ಹೌದು, ನಾಳೆ ಹೋಗ್ತೀನಿ ಅಂತಲೂ ಹೌದು. ಭವಿಷ್ಯತ್ ಕಾಲ ಇಲ್ವಾ ಅಂತ ಇಂಗ್ಲಿಷ್ ಪುಸ್ತಕಗಳು ಇಲ್ಲಿ ಒಂದು ಪ್ಯಾರಾ ವಿವರಣೆ ಕೊಡುತ್ತವೆ. ನಮಗೆ ಬೇಡ. ಮಾತಾಡೋ ಕನ್ನಡದಲ್ಲಿ "ದಿನಾ ಹೋಗ್ತೀನಿ", "ನಾಳೆ ಹೋಗ್ತೀನಿ" ಎರಡರಲ್ಲೂ ಇರೋದು ಒಂದೇ "ಹೋಗ್ತೀನಿ".

ಎರಡು ದೊಡ್ಡ ಗುಂಪುಗಳು

ಈ ಧಾತುಗಳಿಗೆ "ಓಣ" ಸೇರಿಸಿ ಜೋರಾಗಿ ಹೇಳಿ: ಓದು, ಮಾಡು, ಹೋಗು, ಬರು.
ಓದೋಣ, ಮಾಡೋಣ, ಹೋಗೋಣ, ಬರೋಣ.

ಈಗ ಇವಕ್ಕೆ: ಬರೆ, ಕರೆ, ಕುಡಿ, ಕಲಿ.
ಬರೆಯೋಣ, ಕರೆಯೋಣ, ಕುಡಿಯೋಣ, ಕಲಿಯೋಣ.

ಮೊದಲನೇ ಸಾಲಿನಲ್ಲಿ ಕೊನೆಯ "ಉ" ಬಿದ್ದುಹೋಯಿತು. ಎರಡನೇ ಸಾಲಿನಲ್ಲಿ ಧಾತು ಅಲ್ಲಾಡಲಿಲ್ಲ, ಮಧ್ಯ ಒಂದು "ಯ್" ಬಂದು ಕೂತಿತು. ಹೈಸ್ಕೂಲಿನಲ್ಲಿ ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿದ ಲೋಪ ಸಂಧಿ, ಆಗಮ ಸಂಧಿ ನೆನಪಿದೆಯಾ? ಅದೇ ಇದು. "ಯ್" ಬಂದ ಧಾತುಗಳೆಲ್ಲ "ಇ" ಅಥವಾ "ಎ"ಯಲ್ಲಿ ಮುಗಿಯುತ್ತವೆ ಅನ್ನೋದನ್ನೂ ಗಮನಿಸಿ.

ಈಗ ಜಪಾನಿಯಲ್ಲಿ "ಓಣ" ಹೇಳೋಣ.

ಕಕು (ಬರೆ) → ಕಕೋ (ಬರೆಯೋಣ)
ಯೊಮು (ಓದು) → ಯೊಮೋ (ಓದೋಣ)
ಹನಸು (ಮಾತಾಡು) → ಹನಸೋ (ಮಾತಾಡೋಣ)

ತಬೆರು (ತಿನ್ನು) → ತಬೆಯೋ (ತಿನ್ನೋಣ)
ಮಿರು (ನೋಡು) → ಮಿಯೋ (ನೋಡೋಣ)
ಒಕಿರು (ಏಳು) → ಒಕಿಯೋ (ಏಳೋಣ)

ಮೊದಲ ಮೂರರಲ್ಲಿ "ಉ" ಹೋಗಿ "ಓ" ಬಂತು. ಮುಂದಿನ ಮೂರರಲ್ಲಿ ತಬೆ, ಮಿ, ಒಕಿ ಹಾಗೇ ಉಳಿದವು, ಮಧ್ಯ "ಯ್" ಬಂತು. ಅವುಗಳ ಕೊನೆಯ ಸ್ವರವೂ "ಇ" ಅಥವಾ "ಎ" ಮಾತ್ರ. ಮೊದಲನೆಯದು ಗುಂಪು ಒಂದು, ಎರಡನೆಯದು ಗುಂಪು ಎರಡು. ಇಷ್ಟೇ ವ್ಯತ್ಯಾಸ: ಒಂದರ ಬೇರು ವ್ಯಂಜನದಲ್ಲಿ ಮುಗಿಯುತ್ತೆ (ಕಕ್, ಯೊಮ್, ಹನಸ್), ಇನ್ನೊಂದರ ಬೇರು ಸ್ವರದಲ್ಲಿ ಮುಗಿಯುತ್ತೆ (ತಬೆ, ಮಿ, ಒಕಿ). ತಬೆರು, ಮಿರು ಪದಗಳಲ್ಲಿರೋ "ರು" ಬೇರಿನ ಭಾಗವೇ ಅಲ್ಲ, ಅದು ಪ್ರತ್ಯಯ.

ಗುಂಪು ಒಂದು ಅಂದರೆ ಕಾಗುಣಿತ

ಗುಂಪು ಒಂದಕ್ಕೆ ಜಪಾನಿಯಲ್ಲಿ "ಗೊದಾನ್" ಅನ್ನುತ್ತಾರೆ, ಅಂದರೆ ಐದು ಮೆಟ್ಟಿಲು. ಗುಂಪು ಎರಡಕ್ಕೆ "ಇಚಿದಾನ್", ಒಂದು ಮೆಟ್ಟಿಲು. ಐದು ಮೆಟ್ಟಿಲು ಯಾವುದು ಅಂತ ನೋಡಿ:

ಕಕನೈ: ಬರೆಯಲ್ಲ
ಕಕಿಮಸು: ಬರೆಯುತ್ತೇನೆ (ಮರ್ಯಾದೆಯ ರೂಪ)
ಕಕು: ಬರೆಯುತ್ತೇನೆ (ಸಲಿಗೆಯ ರೂಪ, ನಿಘಂಟಿನಲ್ಲಿರೋದು)
ಕಕೆಬ: ಬರೆದರೆ
ಕಕೋ: ಬರೆಯೋಣ

ಕ, ಕಿ, ಕು, ಕೆ, ಕೊ. ಇದು ನಮ್ಮ ಕಾಗುಣಿತ! ಹಿರಗಾನದಲ್ಲಿ ಈ ಐದಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದ ಐದು ಆಕಾರ ಇವೆ. ಆ ಲಿಪಿಯಲ್ಲಿ ಬರೆದಾಗ ಬೇರು ಬದಲಾಗ್ತಿದೆಯೇನೋ ಅನ್ನಿಸುತ್ತೆ. ಕನ್ನಡ ಲಿಪಿಯಲ್ಲಿ ಬರೆದರೆ "ಕ್" ಅಲ್ಲೇ ಇದೆ, ಅದರ ತಲೆಕಟ್ಟು, ಗುಡಿಸು, ಕೊಂಬು ಮಾತ್ರ ಬದಲಾಗ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ಹಾಗಾಗಿ ಈ ಒಂದು ಪಾಠಕ್ಕೆ ಮಾತ್ರ ನೋಟ್ಸ್ ಕನ್ನಡ ಲಿಪಿಯಲ್ಲಿ ಮಾಡಿಕೊಳ್ಳಿ.

ಇದು ಪೂರ್ತಿ ಕಾಕತಾಳೀಯ ಕೂಡ ಅಲ್ಲ. ಜಪಾನಿ ಅಕ್ಷರಮಾಲೆಯ ಕ್ರಮ ಅ-ಇ-ಉ-ಎ-ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಕ, ಚ, ತ, ನ, ಪ, ಮ, ಯ, ರ, ವ ಪಕ್ಕದಲ್ಲಿ ಇಟ್ಟು ನೋಡಿ. ಜಪಾನಿನ ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿಯುತ್ತಿದ್ದರು, ಆ ಕಲಿಕೆಯಿಂದ ಈ ಕ್ರಮ ಅಲ್ಲಿಗೆ ಹೋಯಿತು.

ಮಿಕ್ಕ ವ್ಯಂಜನಗಳೂ ಹೀಗೇ ನಡೆಯುತ್ತವೆ: ಯೊಮನೈ, ಯೊಮಿಮಸು, ಯೊಮು, ಯೊಮೆಬ, ಯೊಮೋ. ಎರಡು ಕಡೆ ಮಾತ್ರ ಎಚ್ಚರ. ತ-ಸಾಲಿನಲ್ಲಿ "ತಿ" ಬದಲು "ಚಿ", "ತು" ಬದಲು "ತ್ಸು". ಸ-ಸಾಲಿನಲ್ಲಿ "ಸಿ" ಬದಲು "ಶಿ". ಹಾಗಾಗಿ ಮತ್ಸು (ಕಾಯಿ): ಮತನೈ, ಮಚಿಮಸು, ಮತ್ಸು, ಮತೆಬ, ಮತೋ. ಇನ್ನೊಂದು, ಬರೀ "ಉ"ನಲ್ಲಿ ಮುಗಿಯೋ ಕಉ (ಕೊಳ್ಳು) ಥರದ ಪದಗಳಲ್ಲಿ "ನೈ" ಮುಂದೆ ಬಂದರೆ "ವ" ಬರುತ್ತೆ: ಕವನೈ.

ಗುಂಪು ಎರಡರಲ್ಲಿ ಮೆಟ್ಟಿಲೇ ಇಲ್ಲ. ತಬೆ + ನೈ, ತಬೆ + ಮಸು, ತಬೆ + ರು, ತಬೆ + ರೆಬ, ತಬೆ + ಯೋ. ಬರೀ ಅಂಟಿಸೋದು.

ಹೀಗೆ ಅಂಟಿಸ್ತಾ ಹೋದರೆ ಉದ್ದದ ರೈಲು ಕಟ್ಟಬಹುದು. "ಕಕಸೆರರೆನಕತ್ತ" ಅಂದರೆ "ಬರೆಸಲ್ಪಡಲಿಲ್ಲ". ಬಿಡಿಸಿ ನೋಡಿ: ಬರೆ, ಇಸು, ಪಡು, ಇಲ್ಲ. ಜಪಾನಿಯಲ್ಲಿ: ಕಕ್, ಅಸೆ, ರರೆ, ನಕತ್ತ. ಬೋಗಿಗಳ ಕ್ರಮ ಕೂಡ ಅದೇ.

"ರು" ಅನ್ನೋ ತಲೆನೋವು

ನಿಘಂಟಿನಲ್ಲಿ ಹೊಸ ಪದ ಸಿಕ್ಕಾಗ ಯಾವ ಗುಂಪು ಅಂತ ಗೊತ್ತಾಗೋದು ಹೇಗೆ?

1. ಕೊನೆಯಲ್ಲಿ "ರು" ಇಲ್ಲ: ಗುಂಪು ಒಂದು. ಯೋಚನೆಯೇ ಬೇಡ.
2. ಕೊನೆಯಲ್ಲಿ "ರು" ಇದೆ, ಅದರ ಹಿಂದೆ ಅ, ಉ, ಒ ಇದೆ: ಗುಂಪು ಒಂದು. ತೊರು (ತೆಗೆದುಕೊ), ವಕರು (ಅರ್ಥ ಆಗು). ಇದನ್ನು ಮೀರೋದು ಗುಂಪು ಮೂರರ ಸುರು, ಕುರು ಎರಡೇ.
3. "ರು" ಹಿಂದೆ ಇ ಅಥವಾ ಎ ಇದೆ: ಬಹುಪಾಲು ಗುಂಪು ಎರಡು.

"ಬಹುಪಾಲು" ಅಂದಿದ್ದು ಯಾಕೆ ಅಂದರೆ, ಕೆಲವು ಪದಗಳು ವೇಷ ಹಾಕಿಕೊಂಡಿವೆ. ನೋಡೋಕೆ ಗುಂಪು ಎರಡು, ನಿಜವಾಗಿ ಗುಂಪು ಒಂದು: ಕಎರು (ವಾಪಸ್ ಹೋಗು), ಹೈರು (ಒಳಗೆ ಹೋಗು), ಹಶಿರು (ಓಡು), ಶಿರು (ತಿಳಿ), ಕಿರು (ಕತ್ತರಿಸು), ಇರು (ಬೇಕಾಗು), ಶಬೆರು (ಹರಟು). ಶುರುವಿಗೆ ಈ ಏಳು ಸಾಕು.

ಇದರಲ್ಲೂ ತಮಾಷೆ ಇದೆ. "ಕಿರು" ಅಂದರೆ ಕತ್ತರಿಸು ಅಂತಲೂ ಆಗುತ್ತೆ, ಬಟ್ಟೆ ಹಾಕಿಕೋ ಅಂತಲೂ ಆಗುತ್ತೆ. ಕಿರಿಮಸು ಅಂದರೆ ಕತ್ತರಿಸ್ತೀನಿ (ಗುಂಪು ಒಂದು), ಕಿಮಸು ಅಂದರೆ ಹಾಕ್ಕೋತೀನಿ (ಗುಂಪು ಎರಡು). ಅದಕ್ಕೇ ಹೊಸ ಪದ ಕಲಿಯುವಾಗ ಒಂಟಿಯಾಗಿ ಕಲಿಯಬೇಡಿ, ಜೋಡಿಯಾಗಿ ಕಲಿಯಿರಿ: "ಕಿರು-ಕಿರಿಮಸು", "ಕಿರು-ಕಿಮಸು". ಎರಡನೇ ಪದವೇ ಗುಂಪನ್ನು ಹೇಳಿಬಿಡುತ್ತೆ.

ಗುಂಪು ಮೂರು: ಮಾಡು, ಬರು

ಇದರಲ್ಲಿ ಎರಡೇ ಪದ.
ಸುರು (ಮಾಡು): ಶಿನೈ, ಶಿಮಸು, ಸುರು, ಸುರೆಬ, ಶಿಯೋ
ಕುರು (ಬರು): ಕೊನೈ, ಕಿಮಸು, ಕುರು, ಕುರೆಬ, ಕೊಯೋ

"ಬರು" ಜಪಾನಿಯಲ್ಲಿ ಯಾಕೆ ಹೀಗೆ ಕುಣಿಯುತ್ತೆ ಅಂತ ಬೈಯೋ ಮೊದಲು ನಮ್ಮದನ್ನೇ ನೋಡಿ: ಬಾ, ಬರಲ್ಲ, ಬಂದ. ದಿನಾ ಬಳಸೋ ಪದಗಳು ಎಲ್ಲ ಭಾಷೆಯಲ್ಲೂ ಹಾಗೇ, ಸವೆದಿರುತ್ತವೆ.

ಸುರು ನಮಗೆ ಬಹಳ ಉಪಯೋಗ. ಕನ್ನಡದಲ್ಲಿ ಯಾವ ಪದ ಸಿಕ್ಕರೂ ಹಿಂದೆ "ಮಾಡು" ಸೇರಿಸ್ತೀವಲ್ಲ, ಅಧ್ಯಯನ ಮಾಡು, ಫೋನ್ ಮಾಡು, ಕಾಪಿ ಮಾಡು, ಡೌನ್‌ಲೋಡ್ ಮಾಡು, ಜಪಾನಿಯವರೂ ಅದನ್ನೇ ಮಾಡ್ತಾರೆ: ಬೆಂಕ್ಯೋ ಸುರು, ದೆನ್ವ ಸುರು, ಕೊಪೀ ಸುರು, ದವುನ್‌ರೋದೊ ಸುರು. ನಾವು ಸಂಸ್ಕೃತದಿಂದ ತಂದೆವು, ಅವರು ಚೀನಿಯಿಂದ ತಂದರು, ಇಬ್ಬರೂ ಆಮೇಲೆ ಇಂಗ್ಲಿಷಿನಿಂದ ತಂದೆವು.

ಕೆಲವು ಹೊರಗಿನ ಪದಗಳು ಮಾತ್ರ ಸೀದಾ ಗುಂಪು ಒಂದಕ್ಕೆ ಸೇರಿಬಿಟ್ಟಿವೆ. ಗುಗುರು ಅಂದರೆ ಗೂಗಲ್ ಮಾಡು. ಸಬೊರು ಅಂದರೆ ಕ್ಲಾಸ್ ಬಂಕ್ ಮಾಡು, ಅದು ಫ್ರೆಂಚಿನ "ಸಬೊತಾಜ್" ಪದದಿಂದ ಬಂದದ್ದು. ಸಬೊರನೈ, ಸಬೊರಿಮಸು, ಸಬೊರೋ. ಕೊನೆಯದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

"ತೆ" ರೂಪ: ತಿಂದು, ಓದಿ, ಬಂದು

ಜಪಾನಿಯ ಕಲಿಕೆಯಲ್ಲಿ ಜನ ಹೆಚ್ಚು ಹೆದರೋದು "ತೆ" ರೂಪಕ್ಕೆ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಜೋಡಿ ಇಲ್ಲ. ಕನ್ನಡದಲ್ಲಿ ಇದೆ: ತಿಂದು, ಕುಡಿದು, ಓದಿ, ಬಂದು, ಹೋಗಿ. "ಮನೆಗೆ ಹೋಗಿ, ಊಟ ಮಾಡಿ, ಮಲಗಿದೆ" ಅನ್ನೋವಾಗ ಬರೋ "ಹೋಗಿ", "ಮಾಡಿ" ಇದೆಯಲ್ಲ, ಅದೇ "ತೆ" ರೂಪ.

ಗುಂಪು ಎರಡು: ಬರೀ "ತೆ" ಸೇರಿಸಿ. ತಬೆತೆ, ಮಿತೆ.
ಗುಂಪು ಮೂರು: ಶಿತೆ, ಕಿತೆ.
ಗುಂಪು ಒಂದು:
ಉ, ತ್ಸು, ರು → ತ್ತೆ. ಕಉ → ಕತ್ತೆ, ಮತ್ಸು → ಮತ್ತೆ, ತೊರು → ತೊತ್ತೆ.
ಮು, ಬು, ನು → ಂದೆ. ನೊಮು (ಕುಡಿ) → ನೊಂದೆ, ಅಸೊಬು (ಆಡು) → ಅಸೊಂದೆ, ಶಿನು (ಸಾಯಿ) → ಶಿಂದೆ.
ಕು → ಇತೆ. ಕಕು → ಕೈತೆ.
ಗು → ಇದೆ. ಒಯೊಗು (ಈಜು) → ಒಯೊಇದೆ.
ಸು → ಶಿತೆ. ಹನಸು → ಹನಶಿತೆ.
ನಿಯಮ ಮುರಿಯೋದು ಒಂದೇ: ಇಕು (ಹೋಗು) → ಇತ್ತೆ.

ನೆನಪಿಟ್ಟುಕೊಳ್ಳೋಕೆ ಹೊಸ ಹಾಡು ಕಟ್ಟಬೇಕಾಗಿಲ್ಲ. "ಕೊಂಡು" ಅಂದರೆ ಕತ್ತೆ, "ಕಾದು" ಅಂದರೆ ಮತ್ತೆ (ಅನಿಮೆಯಲ್ಲಿ "ಮತ್ತೆ!" ಅಂತ ಕಿರುಚೋದು "ತಾಳು!" ಅಂತ), "ಕುಡಿದು" ಅಂದರೆ ನೊಂದೆ. ಕುಡಿದು ನೊಂದೆ. ಇದನ್ನು ಮರೆಯೋಕೆ ಆಗುತ್ತಾ?

ಈ ಬದಲಾವಣೆಗಳು ಸುಮ್ಮಸುಮ್ಮನೆ ಬಂದಿದ್ದಲ್ಲ. ಹಳೆಯ ಜಪಾನಿಯಲ್ಲಿ ಕಕಿತೆ, ಯೊಮಿತೆ ಅಂತಲೇ ಇತ್ತು. ನಾಲಿಗೆ ಸುಲಭ ಮಾಡಿಕೊಂಡು ಕೈತೆ, ಯೊಂದೆ ಆಯಿತು. ನಮ್ಮ ನಾಲಿಗೆಯೂ ಇದೇ ಎರಡು ದಾರಿ ಹಿಡಿದಿದೆ. ಒತ್ತಕ್ಷರ: ಕೊಡು-ಕೊಟ್ಟು, ಸಾಯು-ಸತ್ತು. ಅನುಸ್ವಾರ: ತಿನ್ನು-ತಿಂದು, ಕೊಲ್ಲು-ಕೊಂದು. ಇದನ್ನು ನಾವು ಮೂರನೇ ವಯಸ್ಸಿಗೇ ಟೇಬಲ್ ಇಲ್ಲದೆ ಕಲಿತಿದ್ದೇವೆ.

ಭೂತಕಾಲ ಬೋನಸ್. "ತೆ" ಇದ್ದಲ್ಲಿ "ತ", "ದೆ" ಇದ್ದಲ್ಲಿ "ದ" ಹಾಕಿ: ತಬೆತ, ಕತ್ತ, ನೊಂದ. ನಮ್ಮಲ್ಲೂ ತಿಂದು-ತಿಂದ, ಕೊಂಡು-ಕೊಂಡ. "ಕಿನೋ ಕತ್ತ ಹೊನ್" ಅಂದರೆ "ನಿನ್ನೆ ಕೊಂಡ ಪುಸ್ತಕ". ಪದಕ್ಕೆ ಪದ, ಅದೇ ಕ್ರಮ.

"ತೆ" ಆದಮೇಲೆ ಬರೋ ಸಹಾಯಕರು

ತಬೆತೆ ಮಿರು: ತಿಂದು ನೋಡು. (ಮಿರು ಅಂದರೆ ನೋಡು!)
ತಬೆತೆ ಶಿಮಉ: ತಿಂದುಬಿಡು.
ಕತ್ತೆ ಒಕು: ಕೊಂಡಿಡು. (ಒಕು ಅಂದರೆ ಇಡು.)
ಇತ್ತೆ ಕುರು: ಹೋಗಿ ಬಾ. ಜಪಾನಿನಲ್ಲಿ ಮನೆಯಿಂದ ಹೊರಡುವಾಗ "ಇತ್ತೆಕಿಮಸು" ಅನ್ನುತ್ತಾರೆ. ನಮ್ಮ "ಹೋಗಿ ಬರ್ತೀನಿ". ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಅರ್ಧ ಪುಟದ ಸಂಸ್ಕೃತಿ ಟಿಪ್ಪಣಿ ಇರುತ್ತೆ. ನಮಗೆ ಅಮ್ಮ ಕಲಿಸಿದ್ದು.

ಎಲ್ಲಕ್ಕಿಂತ ಮುಖ್ಯವಾದ್ದು "ತೆ ಇರು". ಇಲ್ಲಿ ಇರು ಅಂದರೆ ನಮ್ಮ "ಇರು"ವೇ. ಇಂಗ್ಲಿಷ್ ಪಾಠಗಳು ಮೊದಲು ಹೇಳೋದು ಇದನ್ನು "ನಡೀತಾ ಇದೆ" ಅನ್ನೋ ಅರ್ಥಕ್ಕೆ. ತಬೆತೆ ಇರು (ತಿಂತಾ ಇದ್ದಾನೆ), ಯೊಂದೆ ಇರು (ಓದ್ತಾ ಇದ್ದಾನೆ) ಅನ್ನೋವರೆಗೆ ಸರಿ. ಆದರೆ ಇವನ್ನು ನೋಡಿ:

ಇತ್ತೆ ಇರು: ಹೋಗ್ತಾ ಇದ್ದಾನೆ ಅಲ್ಲ, ಹೋಗಿದ್ದಾನೆ.
ಕಿತೆ ಇರು: ಬರ್ತಾ ಇದ್ದಾನೆ ಅಲ್ಲ, ಬಂದಿದ್ದಾನೆ.
ಶಿಂದೆ ಇರು: ಸಾಯ್ತಾ ಇದೆ ಅಲ್ಲ, ಸತ್ತಿದೆ.
ಕೆಕ್ಕೊನ್ ಶಿತೆ ಇರು: ಮದುವೆ ಆಗ್ತಾ ಇದ್ದಾರೆ ಅಲ್ಲ, ಮದುವೆ ಆಗಿದ್ದಾರೆ.

ಹೋಗಿ + ಇದ್ದಾನೆ, ಬಂದು + ಇದ್ದಾನೆ, ಸತ್ತು + ಇದೆ, ಆಗಿ + ಇದ್ದಾರೆ. ಒಂದು ಕ್ಷಣದಲ್ಲಿ ಮುಗಿಯೋ ಕ್ರಿಯೆ ಆದರೆ, ಮುಗಿದ ಮೇಲಿನ ಸ್ಥಿತಿಯಲ್ಲಿ "ಇರು" ಅಂತ ಅರ್ಥ. ಕನ್ನಡ ಈ ಎರಡನ್ನೂ ಬೇರೆ ಬೇರೆ ರೂಪದಲ್ಲಿ ಹೇಳುತ್ತೆ ("ತಾ ಇರು" ಮತ್ತು "ದು + ಇರು"), ಜಪಾನಿ ಎರಡನ್ನೂ ಒಂದೇ ರೂಪದಲ್ಲಿ ಹೇಳುತ್ತೆ. ಹಾಗಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಕೆಲಸ ಸ್ವಲ್ಪ ಹೊತ್ತು ನಡೆಯುತ್ತಾ, ಥಟ್ಟಂತ ಆಗಿಹೋಗುತ್ತಾ? ಯಾರದೋ ಅಪ್ಪನ ಬಗ್ಗೆ ಕೇಳುವಾಗ "ಸಾಯ್ತಾ ಇದ್ದಾರೆ", "ಸತ್ತಿದ್ದಾರೆ" ಎರಡರ ನಡುವೆ ತಪ್ಪು ಮಾಡೋದು ಮಾರ್ಕ್ಸಿನ ವಿಷಯ ಅಲ್ಲ.

ಒಂದು ಎಚ್ಚರಿಕೆ

ಇಷ್ಟೆಲ್ಲ ಓದಿ "ಜಪಾನಿ ಕನ್ನಡದಿಂದಲೇ ಹುಟ್ಟಿದ್ದು" ಅಂತ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಸುಸುಮು ಓನೊ ಅನ್ನೋ ಜಪಾನಿ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಅಂತ ವಾದಿಸಿದ್ದರು, ಬಹುಪಾಲು ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಕೊರಿಯನ್ ಭಾಷೆಯಲ್ಲೂ "ತಿಂದು ನೋಡು" ಅನ್ನೋ ಪ್ರಯೋಗ ಇದೆ. ಕ್ರಿಯಾಪದ ವಾಕ್ಯದ ಕೊನೆಗೆ ಬಂದು, ಪ್ರತ್ಯಯಗಳು ಹಿಂದೆ ಅಂಟೋ ಭಾಷೆಗಳಲ್ಲಿ ಇಂಥ ಹೋಲಿಕೆಗಳು ಸಹಜ. ಇಬ್ಬರು ಬೇರೆ ಬೇರೆ ಎಂಜಿನಿಯರುಗಳು ಒಂದೇ ಸಮಸ್ಯೆಗೆ ಒಂದೇ ಡಿಸೈನ್ ಮಾಡಿದ ಹಾಗೆ. ನೆಂಟಸ್ತಿಕೆ ಇಲ್ಲದಿದ್ದರೂ ಡಿಸೈನ್ ಉಪಯೋಗಕ್ಕೆ ಬರುತ್ತೆ.

ನಮಗೆ ಬೇಕಾಗಿರೋದೂ ಅಷ್ಟೇ. ಕನ್ನಡವನ್ನು ಮನೆಗೆ, ಹಾಸ್ಟೆಲ್ ಹರಟೆಗೆ ಅಂತ ಇಟ್ಟು, "ಕಲಿಯೋ ಕೆಲಸ" ಎಲ್ಲ ಇಂಗ್ಲಿಷಿಗೆ ಕೊಟ್ಟಿದ್ದೇವೆ. ಜಪಾನಿಯ ಮಟ್ಟಿಗೆ ಅದು ಹತ್ತಿರದ ದಾರಿ ಬಿಟ್ಟು ರಿಂಗ್ ರೋಡಿನಲ್ಲಿ ಸುತ್ತಿದ ಹಾಗೆ. ಜೆಎಲ್‌ಪಿಟಿ ಪರೀಕ್ಷೆಯ ಕೇಂದ್ರ ಬೆಂಗಳೂರಿನಲ್ಲೂ ಇದೆ, ಎನ್5 ಅದರ ಮೊದಲ ಮೆಟ್ಟಿಲು. ಬರೆಯೋ ಯೋಚನೆ ಇರೋರು ಈ ವಾರ ಹತ್ತು ಕ್ರಿಯಾಪದ ತೆಗೆದುಕೊಂಡು, ಪ್ರತಿಯೊಂದಕ್ಕೂ ಪಕ್ಕದಲ್ಲಿ ಇಂಗ್ಲಿಷ್ ಅರ್ಥದ ಬದಲು ಕನ್ನಡ ರೂಪ ಬರೆದು ನೋಡಿ.

ನೀವೇ ಮಾಡಿ ನೋಡಿ

1. ಒಯೊಗು (ಈಜು): "ಈಜೋಣ" ಹೇಳಿ.
2. ಹಶಿರು (ಓಡು): "ಓಡಲ್ಲ" ಹೇಳಿ. ವೇಷ ನೆನಪಿರಲಿ.
3. ಒಕಿರು (ಏಳು): "ಎದ್ದು" ಹೇಳಿ.
4. ಗುಗುರು: "ಗೂಗಲ್ ಮಾಡಿ ನೋಡು" ಹೇಳಿ.
5. ನೊಮು: "ಕುಡಿದುಬಿಟ್ಟ" ಹೇಳಿ.
6. "ಅನಿ ವ ನಿಹೊನ್ ನಿ ಇತ್ತೆ ಇರು." ಅನಿ ಅಂದರೆ ಅಣ್ಣ, ನಿಹೊನ್ ಅಂದರೆ ಜಪಾನ್. ಕನ್ನಡದಲ್ಲಿ ಹೇಳಿ.

ಉತ್ತರಗಳು: 1. ಒಯೊಗೋ. 2. ಹಶಿರನೈ. 3. ಒಕಿತೆ. 4. ಗುಗುತ್ತೆ ಮಿರು. 5. ನೊಂದೆ ಶಿಮತ್ತ. 6. ಅಣ್ಣ ಜಪಾನಿಗೆ ಹೋಗಿದ್ದಾನೆ. ಆರನೆಯದಕ್ಕೆ "ಹೋಗ್ತಾ ಇದ್ದಾನೆ" ಅಂತ ಬರೆದಿದ್ದರೆ "ತೆ ಇರು" ಭಾಗವನ್ನು ಇನ್ನೊಂದು ಸಲ ಓದಿ ನೋಡಿ.